ಹಾವಿನ ಮದ್ದಿಗೆ ಆಧಾರ

ಜಿಲ್ಲಾ ಸಭೆಗೆ ಬಂದ ತಾಲೂಕು ಆಸ್ಪತ್ರೆಯ ಡಾಕ್ಟರಮ್ಮನ ಬಳಿ ತೋರಿಸಲು ಒಂದು ಸಾವೂ ಇರಲಿಲ್ಲ.

“ಹಾವು ಕಚ್ಚಿ ನಿಮ್ಮಲ್ಲಿ ಯಾರೂ ಸತ್ತೇ ಇಲ್ವಲ್ಲ ಮೇಡಂ,” ಎಂದರು ಆರೋಗ್ಯ ಇಲಾಖೆಯ ಅರ್ಥಶಾಸ್ತ್ರಜ್ಞರು. “ಮತ್ತೆ ಈ ದುಬಾರಿ ಇಂಜೆಕ್ಷನ್ ಯಾಕೆ?”

“ಇಂಜೆಕ್ಷನ್ ಇರೋದಕ್ಕೇ ಸಾಯ್ತಿಲ್ಲ ಸಾರ್.”

“ಅದು ನಿಮ್ಮ ನಂಬಿಕೆ. ನಂಗೆ ಆಧಾರ ಬೇಕು. ಪಕ್ಕದ ತಾಲೂಕಿನವರನ್ನ ನೋಡಿ, ಐದು ಸಾವು ತೋರಿಸಿದ್ದಾರೆ. ಅವರಿಗೆ ಕೊಡದೆ ಇರೋಕಾಗುತ್ತಾ?”

ಡಾಕ್ಟರಮ್ಮನ ಪಾಲಿನ ಇಂಜೆಕ್ಷನ್ನೆಲ್ಲ ಪಕ್ಕದ ತಾಲೂಕಿಗೆ ಹೋಯಿತು.

ಮರುವರ್ಷದ ಸಭೆಯಲ್ಲಿ ಅರ್ಥಶಾಸ್ತ್ರಜ್ಞರು ಡಾಕ್ಟರಮ್ಮ ತಂದ ಅಂಕಿಅಂಶ ನೋಡಿ ಮೆಚ್ಚುಗೆಯಿಂದ ತಲೆದೂಗಿದರು.

“ಈಗ ಆಧಾರ ಸಿಕ್ತು ನೋಡಿ. ಪಕ್ಕದ ತಾಲೂಕಿನವರ ಸ್ಟಾಕೆಲ್ಲ ಈ ಸಲ ನಿಮಗೇ ಮೇಡಂ. ಸಾವು ನಿಮ್ಮಲ್ಲಿ ಏಳು, ಅವರಲ್ಲಿ ಸೊನ್ನೆ.”