ಒದ್ದೆ ಗೋಡೆಯ ಪುಟ್ಟಿ

ಕಾಲಿಂಗ್ ಬೆಲ್ ಸದ್ದಾದಾಗ ಅಣ್ಣನ ಎಡಗೈಯಲ್ಲಿ ತಂಗಿಯ ಜುಟ್ಟಿತ್ತು, ಬಲಗೈಯಲ್ಲಿ ಗೋಡೆಗೆ ಬಳಿಯುವ ಪುಟ್ಟಿ ಮೆತ್ತಿದ ಕರಣೆ. "ಮನೆ ನೋಡೋಕೆ ಬಂದವರ ಮುಂದೆ ಬಾಯಿ ಬಿಟ್ಟೆಯೋ, ಹಲ್ಲು ಉದುರಿಸ್ತೀನಿ," ಎಂದು ಅವಳ ಕಿವಿ ಕಚ್ಚುವಂತೆ ಹೇಳಿದ.

"ಬ್ರೋಕರ್ ಹೇಳಿದ್ದು ಮರೆತ್ಯಾ? ಮೊದಲು ಪೈಪ್ ರಿಪೇರಿ ಮಾಡಿಸಿ, ಇಲ್ಲವೇ, ಗೋಡೆ ಸೋರುತ್ತೆ ಅಂತ ಕೊಳ್ಳೋರಿಗೆ ಮೊದಲೇ ಹೇಳಿಬಿಡಿ ಅಂದ್ರು. ಒದ್ದೆ ಗೋಡೆ ಮೇಲೆ ಪುಟ್ಟಿ ನಿಲ್ಲಲ್ಲ ಅಣ್ಣ."

"ಅವರು ನೋಡೋದು ಹತ್ತು ನಿಮಿಷ. ಅಷ್ಟು ಹೊತ್ತು ನಿಂತ್ರೆ ಸಾಕು."

ಬೆಲ್ ಮತ್ತೆ ಸದ್ದಾಯಿತು. "ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ!" ಎಂದು ತಂಗಿ ಕೂಗಿದಳು. ಅಣ್ಣ ಜುಟ್ಟು ಹಿಡಿದೇ ಅವಳನ್ನು ಗೋಡೆಗೆ ಅಪ್ಪಳಿಸಿದ. ಹಣೆ ಬಡಿದ ಜಾಗದಲ್ಲಿ ಪುಟ್ಟಿ ಹಪ್ಪಳದಂತೆ ಎದ್ದು, ಗಾರೆಯನ್ನೂ ಎಳೆದುಕೊಂಡು ದಬದಬ ಉದುರಿತು. ಕಪ್ಪಾದ ಇಟ್ಟಿಗೆ, ತುಕ್ಕು ತಿಂದ ಪೈಪು ಬಯಲಾದವು. ಬೆಳಗ್ಗೆಯಿಂದ ಮುಚ್ಚಿಟ್ಟ ನೀರು ಗೋಡೆಗುಂಟ ಇಳಿಯತೊಡಗಿತು.

ಬಾಗಿಲಲ್ಲಿ ಮನೆ ಕೊಳ್ಳಲು ಬಂದ ಗಂಡ ಹೆಂಡತಿ, ಅವರ ಹಿಂದೆ ಬ್ರೋಕರ್. ಅಣ್ಣ ಸರಕ್ಕನೆ ಕೈ ಬಿಟ್ಟು ಹಲ್ಲು ಕಿರಿದ. "ಕಾಲು ಜಾರಿ ಬಿದ್ದುಬಿಟ್ಳು." ಬಂದಾಕೆ ಗೋಡೆಯ ಕಡೆ ತಿರುಗಲೇ ಇಲ್ಲ. ಅವನ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಉದ್ದ ಕೂದಲನ್ನೇ ನೋಡುತ್ತಿದ್ದಳು.

ತಂಗಿ ಗೋಡೆ ಹಿಡಿದು ಎದ್ದಳು. ಹುಬ್ಬಿಗಿಳಿದ ರಕ್ತವನ್ನು ಅಂಗೈಯಲ್ಲಿ ಒರೆಸಿಕೊಂಡಳು. "ಒಳಗಿನ ರೂಮಿಗೂ ಪುಟ್ಟಿ ಹಚ್ಚಿದ್ದೀಯಲ್ಲ, ನಡಿ ಅಣ್ಣ," ಎಂದಳು. "ನನ್ನ ತಲೆ ಇನ್ನೂ ಗಟ್ಟಿ ಇದೆ. ಆ ಗೋಡೆಯನ್ನೂ ತೋರಿಸಿಬಿಡು."