ಬರಗೇರಮ್ಮನ ಜಗಲಿಯ ಸೋರಿಕೆ

"ಇಲ್ಲೇ ಐತೆ!" ಎಂದು ಸನೋಬರ್ ಕೈಯೆತ್ತಿದ್ದೇ ತಡ, ಹಾರೆ ಗುದ್ದಲಿ ಹಿಡಿದು ಕುಳಿತಿದ್ದ ಇಬ್ಬರು ಆಳುಗಳೂ ಎದ್ದು ನಿಂತರು. ಪುರಸಭೆಯ ನೀರಗಂಟಿ ಜುಂಜಯ್ಯ ಮಾತ್ರ ಕುಳಿತಲ್ಲಿಂದ ಏಳಲಿಲ್ಲ.

ಕೊಳವೆಗಳಲ್ಲಿ ಸೋರಿ ಪೋಲಾಗುವ ನೀರನ್ನು ತಡೆಯಲು ಪುರಸಭೆಯೂ ಖಾಸಗಿ ಕಂಪನಿಯೊಂದೂ ಕೈಜೋಡಿಸಿದ್ದವು. ಸನೋಬರ್ ಆ ಕಂಪನಿಯ ಎಂಜಿನಿಯರು. ನೆಲದೊಳಗಿನ ಸೋರಿಕೆಯ ಸದ್ದನ್ನು ಹೆಕ್ಕಿ ಕೇಳಿಸುವ ಯಂತ್ರವನ್ನು ಆಕೆ, ನಾಡಿ ಹಿಡಿಯುವ ವೈದ್ಯನ ಗಾಂಭೀರ್ಯದಿಂದ, ಹೊಸದುರ್ಗದ ರಸ್ತೆಗೆ ಸೇರುವ ಆ ಬೀದಿಯುದ್ದಕ್ಕೂ ಊರುತ್ತ ಬಂದಿದ್ದಳು. ಅಂದು ಯಂತ್ರದ ಪರೀಕ್ಷೆ. ಅದಕ್ಕೆಂದೇ, ಮನೆಗಳ ನಲ್ಲಿಗೆ ಬಿಡದೆ, ಬೀದಿಯ ಕೊಳವೆಯಲ್ಲಷ್ಟೇ ನೀರು ತುಂಬಿಸಿದ್ದರು. ನೀರಗಂಟಿಯ ನೆರವಿಲ್ಲದೆ ಅದು ತಾನಾಗಿ ಸೋರಿಕೆಯನ್ನು ಹಿಡಿದುಬಿಟ್ಟರೆ, ಇಪ್ಪತ್ತೆಂಟು ವರ್ಷ ಊರಿಗೆ ನೀರು ಬಿಟ್ಟ ಜುಂಜಯ್ಯ 'ಹೆಚ್ಚುವರಿ ಸಿಬ್ಬಂದಿ' ಎನಿಸಿಕೊಂಡು ಮಾರಿಕಣಿವೆಯ ಪಂಪ್‌ಹೌಸಿನ ಕಾವಲಿಗೆ ಹೋಗಬೇಕು. ಆ ಕಾಗದ ಸನೋಬರಳ ಚೀಲದಲ್ಲೇ ಇತ್ತು. ಅವಳದೊಂದು ಷರಾ ಬಿದ್ದರೆ ಮುಗಿಯಿತು.

"ನೀವೇ ಕೇಳ್ರಿ ಯಜಮಾನ್ರೇ," ಎಂದು ಆಕೆ ಹೆಡ್‌ಫೋನನ್ನು ಅವನ ಕಿವಿಗೇರಿಸಿದಳು. "ಹೆಂಗ್ ಮೊರೀತೈತೆ ನೋಡ್ರಿ. ಪೈಪು ಸೀಳೇ ಹೋಗೈತೆ."

ಜುಂಜಯ್ಯ ಕಣ್ಣುಮುಚ್ಚಿ ಆಲಿಸಿದ. ಮಂದ್ರದಲ್ಲಿ ಹೊರಟ ನಾದವು ಮೆಲ್ಲಮೆಲ್ಲನೆ ತಾರಕ್ಕೇರಿತು, ಅಲ್ಲೊಂದು ಕಿರುಸಿಳ್ಳೆ, ಬಳಿಕ ಪ್ರಾಣವೇ ಹೋಯಿತೇನೋ ಎಂಬಂಥ ಮೌನ, ಮತ್ತೆ ಮಂದ್ರ. ಸೋರುವ ನೀರು ಹೀಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಇದು ಅದೇ ಬೀದಿಯ ಬರಗೇರಮ್ಮನ ಗಂಡ ಮುರುಗಪ್ಪನ ಗೊರಕೆ! ಬರಗೇರಮ್ಮ ತನ್ನ ಜಗಲಿಯನ್ನು ಬೀದಿಗೆ ಬೆಳೆಸುವಾಗ ಅಲ್ಲಿದ್ದ ಪುರಸಭೆಯ ವಾಲ್ವ್ ಗುಂಡಿಯನ್ನೂ ಒಳಗೆ ಹಾಕಿಕೊಂಡಿದ್ದಳು. ಅದರ ಕಬ್ಬಿಣದ ಮುಚ್ಚಳ ತಂಪಾಗಿರುವುದೆಂದು ಮುರುಗಪ್ಪ ಮಧ್ಯಾಹ್ನದ ಮುದ್ದೆಯುಂಡವನೇ, ಗೋಣಿಪರದೆಯನ್ನು ಇಳಿಬಿಟ್ಟು, ಅದಕ್ಕೇ ತಲೆಯಿಟ್ಟು ಪವಡಿಸುತ್ತಿದ್ದ. ಅವನ ಗೊರಕೆ ಮುಚ್ಚಳದಿಂದ ವಾಲ್ವಿಗೂ ವಾಲ್ವಿನಿಂದ ಕೊಳವೆಗೂ ಇಳಿದು, ಹತ್ತು ಮಾರು ಈಚೆಗೆ ಯಂತ್ರದ ಕಿವಿಯನ್ನು ಮುಟ್ಟಿತ್ತು.

ಈಗಲೇ ಹೇಳಿದರೆ ಆಕೆ ಯಂತ್ರವನ್ನೆತ್ತಿಕೊಂಡು ಮುಂದಿನ ಬೀದಿಗೆ ಹೋಗಿ ನಿಜವಾದ ಸೋರಿಕೆಯನ್ನೇ ಹಿಡಿದಾಳು. ಇಲ್ಲೇ ತೋಡಿ ಒಣಮಣ್ಣು ಸಿಕ್ಕರೆ ಯಂತ್ರ ಸೋತಂತೆ. ಜುಂಜಯ್ಯ ಹೆಡ್‌ಫೋನನ್ನು ಪ್ರಸಾದದಂತೆ ಎರಡು ಕೈಗಳಿಂದ ಮರಳಿಸಿದ. "ಭಾರೀ ಸೋರಿಕೆ ಕಣಮ್ಮಾ. ತಡ ಮಾಡ್ಬ್ಯಾಡ್ರಿ, ತೋಡಿಸ್ರಿ."

ಗುದ್ದಲಿಯ ಸದ್ದಿಗೆ ಬರಗೇರಮ್ಮ ಹೊರಗೆ ಬಂದಳು. "ಏನ್ ಜುಂಜಣ್ಣಾ, ನಿಧಿ ತಗೀತಿದ್ದೀರಾ?"

"ಪೈಪಿನ ನೀರು ಸೋರ್ತೈತಂತೆ ಕಣಕ್ಕ."

"ಸೋರಾಕೆ ಮೊದ್ಲು ಬರಬೇಕಲ್ಲಪ್ಪ! ವಾರಕ್ಕೊಂದ್ ಸಲ ಬಿಡ್ತೀಯ, ಅದೂ ಸೋರ್ತೈತಾ?"

ಮೊಣಕಾಲುದ್ದ ತೋಡಿದರು, ಧೂಳು. ಸೊಂಟದುದ್ದ ತೋಡಿದರು, ಧೂಳು. ಸನೋಬರ್ ಮತ್ತೆ ಆಲಿಸಿದಳು. ಮುರುಗಪ್ಪನಿಗೂ ಅಷ್ಟರಲ್ಲಿ ನಿದ್ದೆ ಗಾಢವಾಗಿತ್ತು. "ಇನ್ನೂ ಕೆಳಗೈತೆ! ಈಗಂತೂ ಭಾಳ ಜೋರೈತೆ!" ಜುಂಜಯ್ಯ ನಗೆಯನ್ನು ತಡೆಯಲಾರದೆ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡ. ಆಗ ಒಬ್ಬ ಆಳು ಹುರುಪಿನಿಂದ ಹಾರೆಯೆತ್ತಿ ಕುಕ್ಕಿದ. ಚೆನ್ನಾಗಿದ್ದ ಕೊಳವೆ ಫಳಾರನೆ ಒಡೆದು, ನೀರು ದೀಪದ ಕಂಬದೆತ್ತರಕ್ಕೆ ಚಿಮ್ಮಿತು. ಅಡಿಯಿಂದ ಮುಡಿಯವರೆಗೆ ತೊಯ್ದ ಸನೋಬರ್ ಆನಂದದಿಂದ ಕೂಗಿದಳು: "ಸಿಕ್ತು! ನಾನು ಹೇಳಲಿಲ್ವಾ?"

ಜುಂಜಯ್ಯನ ಬಾಯಿಂದ ಟವೆಲು ಜಾರಿಬಿತ್ತು. ತಾನು ಬಾಯಿ ಬಿಡದಿದ್ದುದರಿಂದಲೇ ಯಂತ್ರ ಗೆದ್ದಿತ್ತು. ಮಾರಿಕಣಿವೆಯ ಪಂಪ್‌ಹೌಸು ಕಣ್ಣೆದುರು ಸುಳಿಯಿತು. ಬರಗೇರಮ್ಮನೋ ಆಗಲೇ ನಾಲ್ಕನೆಯ ಬಿಂದಿಗೆ ತುಂಬಿಸುತ್ತಿದ್ದಳು.

"ವಾಲ್ವ್ ಮುಚ್ಚಿಸ್ರಿ ಯಜಮಾನ್ರೇ! ಎಲ್ಲೈತೆ ಅದು? ನಕ್ಷೆಯಾಗೇ ಇಲ್ಲ!"

"ಯಂತ್ರಾನ ಕೇಳ್ರಿ," ಎಂದ ಜುಂಜಯ್ಯ. ಆದರೆ ಇಷ್ಟು ವರ್ಷ ನೀರನ್ನು ಕಾದ ಕೈಗಳಿಗೆ ನೀರು ಹಾಳಾಗುವುದನ್ನು ನೋಡುತ್ತ ನಿಲ್ಲಲು ಬರಲಿಲ್ಲ. ಜಗಲಿಗೆ ಓಡಿ, ಗೋಣಿಪರದೆ ಸರಿಸಿ, "ಏಳಲೇ ಮುರುಗಾ, ತಲೆ ಎತ್ತಲೇ!" ಎಂದು ಅವನ ಭುಜ ಹಿಡಿದು ಕೂರಿಸಿದ.

ಅತ್ತ ಸನೋಬರಳ ಹೆಡ್‌ಫೋನಿನಲ್ಲಿ ಸದ್ದು ತಟ್ಟನೆ ನಿಂತಿತು. ಎದುರಿಗೆ ನೀರು ಮಾತ್ರ ಚಿಮ್ಮುತ್ತಲೇ ಇತ್ತು. ಆಕೆ ಹೆಡ್‌ಫೋನನ್ನು ತೆಗೆದಳು, ಕೊಡವಿದಳು, ಮತ್ತೆ ಹಾಕಿಕೊಂಡಳು. ಮುರುಗಪ್ಪ, "ಬಿಡಲೇ, ಇನ್ನೊಂದು ಗಳಿಗೆ," ಎಂದು ಮುಚ್ಚಳದ ಮೇಲೆ ಪುನಃ ಒರಗಿದೊಡನೆ ಆಕೆಯ ಕಿವಿಯಲ್ಲಿ ಸೋರಿಕೆ ಮತ್ತೆ ಶುರುವಾಯಿತು. ಆಕೆ ಮೆಲ್ಲನೆ ನಡೆದುಬಂದು ಪರದೆಯೊಳಗೆ ಇಣುಕಿದಳು. ಜುಂಜಯ್ಯ ಮುರುಗಪ್ಪನನ್ನು ಉರುಳಿಸಿ, ಮುಚ್ಚಳ ತೆಗೆದು, ವಾಲ್ವ್ ತಿರುಗಿಸುತ್ತಿದ್ದ. ಬೀದಿಯ ಕಾರಂಜಿ ಕುಸಿದು ಅಡಗಿತು.

"ಇದು ಗೊರಕೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮಾ."

"ಮತ್ತೆ ಯಾಕ್ರಿ ಹೇಳಲಿಲ್ಲ?"

"ನಾನು ಮಾತಾಡಂಗಿರಲಿಲ್ಲ. ಪರೀಕ್ಷೆ ಇದ್ದದ್ದು ಯಂತ್ರಕ್ಕಲ್ವಾ?"

ಸನೋಬರ್ ಚೀಲದಿಂದ ಒದ್ದೆಯಾದ ಆ ವರ್ಗಾವಣೆಯ ಕಾಗದವನ್ನು ಹೊರತೆಗೆದಳು. ಬಳಿಕ ಅದನ್ನು ನಾಲ್ಕಾಗಿ ಹರಿದಳು. "ನಾಳೆ ಎಷ್ಟೊತ್ತಿಗೆ ಬರ್ತೀರಿ?"

ಮರುದಿನ ಮಧ್ಯಾಹ್ನ ಪಕ್ಕದ ಬೀದಿಯಲ್ಲಿ ಯಂತ್ರದ ಸವಾರಿ ಹೊರಟಿತು. ಅರಸರ ಮುಂದೆ ವಂದಿಮಾಗಧರು ನಡೆಯುವಂತೆ, ಅದಕ್ಕೆ ಇಪ್ಪತ್ತು ಮಾರು ಮುಂದೆ ಜುಂಜಯ್ಯ ನಡೆಯುತ್ತಿದ್ದ. ಕೈಯಲ್ಲೊಂದು ತುಂಬಿದ ಬಕೆಟ್ಟು. ನೀರನ್ನು ಉಳಿಸುವ ಸಲುವಾಗಿ ಅವನು ಜಗಲಿಯಿಂದ ಜಗಲಿಗೆ ಹೋಗಿ, ಮಲಗಿದ್ದವರ ಮುಖಕ್ಕೆಲ್ಲ ಒಂದೊಂದು ಚೊಂಬು ನೀರು ಎರಚುತ್ತಿದ್ದ.