ಬೋರ್ಡಿನ ಮೇಲರ್ಧ

"ಅದು ತಪ್ಪು ಜಾಗ ಕಣಮ್ಮಾ," ಎಂದರು, ಅಭ್ಯಾಸಕ್ಕೆಂದು ತಾವೇ ಮೇಜಿನ ಮೇಲೆ ಮಲಗಿದ್ದ ಮೇಡಂ. ತರಗತಿ ಕಿಸಕ್ಕೆಂದಿತು. ಸ್ನಾಯುನೋವಿನ ಚಿಕಿತ್ಸೆ ಕಲಿಯಲು ಬಂದಿದ್ದ ಟೈಲರಮ್ಮನ ಹೆಬ್ಬೆರಳು ಮೇಡಂ ಭುಜ ಬಿಟ್ಟು ಕಂಕುಳ ಹಿಂದಿನ ಸ್ನಾಯುಗಂಟಿನ ಮೇಲೆ ಕೂತಿತ್ತು. ಅವಳು ನಾಚಿ ಕೈ ಹಿಂದೆಗೆಯಹೋದಳು.

"ತೆಗೀಬೇಡ! ಅಲ್ಲೇ ಒತ್ತು."

ಸಿಕ್ಕುಬಿದ್ದ ದಾರ ಬಿಡಿಸುವ ತಾಳ್ಮೆಯಿಂದ ಅವಳು ಒತ್ತಿ ಹಿಡಿದಳು. ಎಷ್ಟೋ ಹೊತ್ತಿಗೆ ಗಂಟು ಸಡಿಲಿತು.

ಮೇಡಂ ಯಾವಾಗಲೂ ಬೋರ್ಡಿನ ಕೆಳಗರ್ಧದಲ್ಲಷ್ಟೇ ಬರೆಯುತ್ತಿದ್ದರು. "ಮೇಲಿನದನ್ನ ಬಾಡಿಗೆಗೆ ಕೊಟ್ಟಿದ್ದಾರೆ ಕಣೇ," ಎಂದು ಟೈಲರಮ್ಮನೂ ಎಲ್ಲರ ಜೊತೆ ನಕ್ಕಿದ್ದಳು. ಈಗ ಮೇಡಂ ಎದ್ದು ಚಾಕ್ ಹಿಡಿದರು. ವರ್ಷಗಳಿಂದ ಭುಜಕ್ಕಿಂತ ಮೇಲೇಳದಿದ್ದ ಕೈ ಮೆಲ್ಲಗೆ ತಲೆ ದಾಟಿತು. ಬೋರ್ಡಿನ ತುತ್ತತುದಿಯಲ್ಲಿ, ಸೊಟ್ಟ ಅಕ್ಷರಗಳಲ್ಲಿ ಬರೆದರು: "ಇವತ್ತಿನ ಟೀಚರ್, ನಮ್ಮ ಟೈಲರಮ್ಮ."